ಹಿಡಿದು ಬಿಡುವ ಮೇಷ್ಟ್ರು

ನಮ್ಮ ಹರವೆ ಕಡೆ ಗಾಳ ಹಾಕುವವರಲ್ಲಿ ಎರಡೇ ಜಾತಿ: ಹಿಡಿದು ತಿನ್ನುವವರು, ಸಿಕ್ಕದೆ ಸುಳ್ಳು ಹೇಳುವವರು. ನಿವೃತ್ತರಾದ ಮೇಲೆ ನಮ್ಮ ಮೇಷ್ಟ್ರು ಮೂರನೆಯದನ್ನು ಹುಟ್ಟುಹಾಕಿದರು. ಹಿಡಿದು ಬಿಡುವವರು.

ಈ ರೋಗ ಅಂಟಿದ್ದು ಭೀಮೇಶ್ವರಿಯಲ್ಲಿ. ಹಿಂದೆ ಅಲ್ಲಿಯ ಕಾವೇರಿ ದಂಡೆಗೆ ದೂರದೇಶದವರು ಬಂದು, ಗಾಳಕ್ಕೆ ರಾಗಿ ಉಂಡೆ ಸಿಕ್ಕಿಸಿ, ಬಿಳಿಮೀನು ಹಿಡಿದು, ತೂಗಿ, ಫೋಟೋ ತೆಗೆಸಿಕೊಂಡು ಮತ್ತೆ ಹೊಳೆಗೇ ಬಿಡುತ್ತಿದ್ದರು. ಪುಸ್ತಕದವರು ಮಹಸೀರ್ ಅನ್ನುವುದು ಇದಕ್ಕೇ. ಅದನ್ನು ಕಂಡು ಬಂದ ಮೇಲೆ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿಯುವುದೇ ಕಷ್ಟವಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದ ಕಥೆ ಶುರುವಾಗುತ್ತದೆ. ಸತ್ತ ಹುಲಿಯನ್ನು ಜೀವ ಇದ್ದ ಹಾಗೇ ನಿಲ್ಲಿಸುತ್ತಿದ್ದರಲ್ಲ, ಅದೇ ಮನೆತನ. ಆ ಮೀನು ಮೇಷ್ಟ್ರ ಬಾಯಲ್ಲಿ ಇನ್ನೂ ಬೆಳೆಯುತ್ತಿದೆ. ಕಳೆದ ದೀಪಾವಳಿಗೆ 135 ಆಗಿತ್ತು.

ಆಲಂಬೂರಿನಿಂದ ಕಬಿನಿ ನೀರು ಏರಿಸಿ ನಮ್ಮ ಸೀಮೆಯ ಕೆಲವು ಕೆರೆ ತುಂಬಿಸಿದ ಮೇಲೆ ನನ್ನ ಭಾನುವಾರಗಳೂ ಮುಳುಗಿದವು. ಒಂದು ದಿನ ಮನೆಯಲ್ಲಿ ಕಾಯಿ ತುರಿದು ಮಸಾಲೆ ಅರೆದು ಇಟ್ಟಿದ್ದರು. ನಾನು ಬಕೆಟ್ಟು ಹೊತ್ತು ಹಿಂದೆ ಹೋದೆ. ನನ್ನ ಬುತ್ತಿಯ ಮುದ್ದೆಯಲ್ಲಿ ಅರ್ಧ ಗಾಳಕ್ಕೆ ಹೋಯಿತು. ಮೂರು ಗಂಟೆ ಕೂತ ಮೇಲೆ ಅಂಗೈಯಗಲದ ಒಂದು ಜಿಲೇಬಿ ಮೀನು ಬಿತ್ತು. ನಾನು ಬಕೆಟ್ಟು ಚಾಚಿದೆ. ಮೇಷ್ಟ್ರು ನೋಡಲೇ ಇಲ್ಲ. ಮೈಯ ಲೋಳೆ ಹೋಗದಿರಲೆಂದು ಕೈ ಒದ್ದೆ ಮಾಡಿಕೊಂಡರು, ಗಾಳದ ಮುಳ್ಳು ಬಿಡಿಸಿದರು, ಕಿವಿರು ಆಡುವ ತನಕ ನೀರಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಮೆಲ್ಲಗೆ, “ಹೋಗಪ್ಪಾ, ದೊಡ್ಡೋನಾಗಿ ಬಾ.”

ಏಳನೇ ಕ್ಲಾಸು ಮುಗಿಸಿ ಟಿಸಿ ತಗೊಂಡು ಹೊರಟಾಗ ನನಗೂ ಇದೇ ಮಾತು ಹೇಳಿದ್ದರು. ಬಕೆಟ್ಟು ಹೊತ್ತುಕೊಂಡು ಮತ್ತೆ ಅವರ ಹಿಂದೆಯೇ ನಿಂತಿದ್ದೇನೆ, ಎಷ್ಟು ದೊಡ್ಡವನಾದೆನೋ!

ಆದರೂ ವಾದಕ್ಕೆ ಬಿದ್ದೆ. ಬಿಳಿಮೀನು ಬಿಡಿ, ಬೇಡ ಅನ್ನುವವನಲ್ಲ. ಕಾವೇರಿಯ ಗೂನುಬೆನ್ನಿನ ಬಿಳಿಮೀನಿಗೆ ಶಾಸ್ತ್ರೀಯ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನಂಚಿನ ಪಟ್ಟಿಗೂ ಸೇರಿತು. ನಾಮಕರಣ, ತಿಥಿ ಒಂದೇ ವರ್ಷ. ನಮ್ಮ ಬಂಡೀಪುರದಂಚಿನ ಮೋಯಾರ್ ಹೊಳೆಯಲ್ಲಿ ಒಂದಷ್ಟು ಉಳಿದಿವೆ, ಇರಲಿ. ಆದರೆ ಜಿಲೇಬಿ? 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕಾ ಮೂಲದ ತಳಿ. ವರ್ಷಕ್ಕೆ ಹಲವು ಸಲ ಮರಿ ಹಾಕಿ ನಮ್ಮ ಮೀನಿನ ಜಾಗ ತಿನ್ನುತ್ತದೆ. ಅದನ್ನು ಬಿಟ್ಟರೆ ಪುಣ್ಯವಲ್ಲ, ಬಾಣಲೆಗೆ ಹಾಕಿದರೇ ಕೆರೆಗೆ ಉಪಕಾರ!

ಮೇಷ್ಟ್ರು ಉತ್ತರ ಹುಡುಕುತ್ತಿರುವಾಗ ಏರಿ ಮೇಲಿಂದ ಕಾವಲಿನವನು ಕೂಗಿದ: “ಬುಟ್ಟುದ್ದು ಒಳ್ಳೇದಾಯ್ತು ಬುದ್ದಿ! ಕೆರೆ ಮೀನು ಹರಾಜಾಗ್ಯದೆ. ತಕ್ಕೊಂಡೋಗಿದ್ರೆ ದಂಡ ಕಟ್ಟುಸ್ತಿದ್ದಿ.”

ಇಬ್ಬರೂ ಗಾಳ ಸುತ್ತಿಕೊಂಡೆವು. ಅರೆದ ಮಸಾಲೆಗೆ ಬದನೆಕಾಯಿ ಹಾಕಿದರು.