ಕೌಂಟರಿನೆದುರು ಮೌನ: ದರ್ಶಿನಿ ಸರದಿಯಲ್ಲಿ ನಿರ್ಣಯವಿಮುಖತೆಯ ತಾತ್ವಿಕ ನೆಲೆಗಳು ಮತ್ತು ಆಯಾಮಗಳು — ಒಂದು ಅಧ್ಯಯನ

1. ಪ್ರಸ್ತಾವನೆ

ಮಾನವನು ಸಮಾಜಜೀವಿ. ಸಮಾಜವಿದ್ದಲ್ಲಿ ಸಾಲು ಇರುತ್ತದೆ. ಸಾಲಿದ್ದಲ್ಲಿ ಅದರ ಮೊದಲನೆಯವನು ಇದ್ದೇ ಇರುತ್ತಾನೆ. ಆ ಮೊದಲನೆಯವನು ಕ್ಯಾಷಿಯರ್ ಎದುರು ನಿಂತು, ಕತ್ತು ಮೇಲೆತ್ತಿ, ಬಾಯಿ ಅರ್ಧ ತೆರೆದು ಹೊರಡಿಸುವ "ಮ್‌ಮ್‌ಮ್…" ಎಂಬ ಅನುನಾಸಿಕ ಧ್ವನಿಯ ಅಸ್ಮಿತೆ, ಅನನ್ಯತೆ, ಹಾಗೂ ಅದು ಹಿಂದೆ ನಿಂತವರೊಡನೆ ನಡೆಸುವ ಮುಖಾಮುಖಿಯನ್ನು (ಕರಾರುವಾಕ್ಕಾಗಿ ಹೇಳುವುದಾದರೆ ಬೆನ್ನಾಮುಖಿಯನ್ನು) ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಕ್ಕೆ ಒಳಪಡಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಸಂಪ್ರಬಂಧ.

ಅಧ್ಯಯನದ ವ್ಯಾಪ್ತಿ: ಬೆಂಗಳೂರಿನ ದರ್ಶಿನಿಗಳು, ಬೆಳಗಿನ ತಿಂಡಿಯ ಹೊತ್ತು. ಅಧ್ಯಯನ ವಿಧಾನ: ಸಹಭಾಗಿ ಅವಲೋಕನ, ಅಂದರೆ ಹಿಂದೆ ನಿಂತು ಹಲ್ಲು ಕಡಿಯುವುದು.

2. ಚಾರಿತ್ರಿಕ ಹಿನ್ನೆಲೆ ಮತ್ತು ಪೂರ್ವಸೂರಿಗಳ ಸಮೀಕ್ಷೆ

ದರ್ಶಿನಿ ಎಂಬ ಕಥನವು 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಆರಂಭವಾಗುತ್ತದೆ. ಅದನ್ನು ರೂಪಿಸಿದ ಆರ್. ಪ್ರಭಾಕರ್ ಅವರ ಆಲೋಚನೆ ಸರಳವಾಗಿತ್ತು: ದುಡ್ಡು ಮೊದಲು, ಚೀಟಿ ಆಮೇಲೆ, ತಟ್ಟೆ ಕೈಗೆ, ನಿಂತುಕೊಂಡೇ ತಿಂದು ಹೊರಡು. ಕುರ್ಚಿ ಹೋಯಿತು, ಮಾಣಿ ಹೋದ, ಕಾಯುವಿಕೆ ಹೋಯಿತು ಎಂದು ಊರು ಹಿಗ್ಗಿತು.

ಮಾಣಿ ಹೋದದ್ದರಿಂದ ಏನಾಯಿತೆಂಬುದನ್ನು ಮಾತ್ರ ಯಾವ ವಿದ್ವಾಂಸನೂ ಗಮನಿಸಿಲ್ಲ. ಹಳೆಯ ಹೋಟೆಲಿನಲ್ಲಿ ಮಾಣಿ ಬಂದು ಒಂದೇ ಉಸಿರಿಗೆ ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತ್, ಮಸಾಲೆದೋಸೆ, ಸೆಟ್ ದೋಸೆ ಅಂತ ಒದರಿ ನಿಲ್ಲುತ್ತಿದ್ದ. ನೀವು ತಲೆ ಕೆರೆದುಕೊಂಡರೆ "ಯೋಚನೆ ಮಾಡಿ ಹೇಳಿ" ಅಂದು ಪಕ್ಕದ ಟೇಬಲ್ಲಿಗೆ ಹೋಗಿಬಿಡುತ್ತಿದ್ದ. ನಿಮ್ಮ ಗೊಂದಲ ನಿಮ್ಮ ಟೇಬಲ್ಲಿನ ಖಾಸಗಿ ಆಸ್ತಿ. ಅರ್ಧ ಗಂಟೆ ಗೊಂದಲದಲ್ಲಿರಿ, ಪಕ್ಕದವನ ದೋಸೆ ಬರುತ್ತಲೇ ಇತ್ತು. ದರ್ಶಿನಿ ಆ ಗೊಂದಲವನ್ನು ಟೇಬಲ್ಲಿನಿಂದ ಎಬ್ಬಿಸಿ ತಂದು ಸಾಲಿನ ಮೂತಿಗೆ ನಿಲ್ಲಿಸಿತು. ಈಗ ನೀವು ಯೋಚಿಸಿದಷ್ಟೂ ಹೊತ್ತು ಇಡೀ ಊರು ನಿಮ್ಮ ಜೊತೆ ಯೋಚಿಸಬೇಕು.

ಪಾಶ್ಚಾತ್ಯ ಚಿಂತನೆಯತ್ತ ಹೊರಳಿದರೆ (ಹೊರಳಲೇಬೇಕು, ಇಲ್ಲವಾದರೆ ಪ್ರಬಂಧ ಪಾಸಾಗದು), ಸರದಿ ಸಿದ್ಧಾಂತದ ಪಿತಾಮಹ ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಈತ, ಫೋನ್ ಕರೆಗಳು ಹೇಗೆ ಬಂದು ಬೀಳುತ್ತವೆ ಎಂಬ ಲೆಕ್ಕದ ಮೇಲೆ 1909ರಲ್ಲಿ ಮೊದಲ ಲೇಖನ ಪ್ರಕಟಿಸಿದ. ಪುಣ್ಯವಂತ. ಅವನ ಗಿರಾಕಿಗಳಿಗೆ ತಾವು ಯಾರಿಗೆ ಫೋನ್ ಮಾಡುತ್ತಿದ್ದೇವೆ ಎಂದಾದರೂ ಗೊತ್ತಿತ್ತು. 1953ರಲ್ಲಿ ಡೇವಿಡ್ ಕೆಂಡಾಲ್ ಪ್ರತಿ ಸಾಲಿಗೂ ಎಂ/ಎಂ/1 ಎಂಬಂಥ ಜಾತಕ ಬರೆಯುವ ಪದ್ಧತಿ ತಂದರು: ಜನ ಹೇಗೆ ಬರುತ್ತಾರೆ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಕೌಂಟರು ಎಷ್ಟು. ಇದಕ್ಕೆ 'ಮ್‌' ಎಂಬ ನಾಲ್ಕನೆಯ ಅಕ್ಷರವನ್ನು ಸೇರಿಸಬೇಕೆಂದು ಪ್ರಸ್ತುತ ಸಂಶೋಧಕ ಪ್ರತಿಪಾದಿಸುತ್ತಾನೆ. ಅದು ಮೇಲೆ ನಿರ್ವಚಿಸಿದ ಅನುನಾಸಿಕ ಧ್ವನಿಯ ಅವಧಿ.

ಇನ್ನು ಲೆಕ್ಕ. ನಿಮಿಷಕ್ಕೆ ನಾಲ್ಕು ಜನ ಬರುತ್ತಾರೆನ್ನಿ. ಚುರುಕಾದ ಕ್ಯಾಷಿಯರ್ ಒಬ್ಬರಿಗೆ 12 ಸೆಕೆಂಡಿನಂತೆ ನಿಮಿಷಕ್ಕೆ ಐವರನ್ನು ಕಳಿಸುತ್ತಾನೆ. ಎಲ್ಲ ಸಲೀಸು. ಈಗ ಒಬ್ಬ ಮಹನೀಯರು ಬಂದು ಮೂರು ನಿಮಿಷ ನಿಲ್ಲುತ್ತಾರೆ. ಅಷ್ಟರಲ್ಲಿ ಹಿಂದೆ ಹನ್ನೆರಡು ಜನ ಜಮಾಯಿಸುತ್ತಾರೆ. ಆಮೇಲೆ ಕ್ಯಾಷಿಯರ್ ಎಷ್ಟೇ ಓಡಿದರೂ ನಿಮಿಷಕ್ಕೆ ಒಬ್ಬರಷ್ಟೇ ಕಡಿಮೆಯಾಗುವುದು, ಏಕೆಂದರೆ ಹೊಸಬರು ಬರುತ್ತಲೇ ಇದ್ದಾರೆ. ಮೂರು ನಿಮಿಷದ ಗಂಟು ಬಿಚ್ಚಲು ಹನ್ನೆರಡು ನಿಮಿಷ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕೆಟ್ಟು ನಿಂತ ಲಾರಿ ಎಳೆದೊಯ್ದು ಎಷ್ಟೋ ಹೊತ್ತಾದ ಮೇಲೂ ನೀವು ಯಾಕೆ ನಿಂತಿದ್ದೀರೆಂದು ತಿಳಿಯದೆ ನಿಂತಿರುತ್ತೀರಲ್ಲ, ಹಾಗೆ. ಮಹನೀಯರು ತಿಂದು, ಕೈ ತೊಳೆದು, ಸೋಂಪು ಬಾಯಿಗೆ ಹಾಕಿಕೊಂಡು ಹೊರಟ ಮೇಲೆ ಒಳಗೆ ಬಂದವನೂ ಅವರ ಸಾಲ ತೀರಿಸುತ್ತಾನೆ. ಅವರ ಮುಖವನ್ನೇ ಅವನು ಕಂಡಿಲ್ಲ.

3. ವರ್ಗೀಕರಣ

ಮಾರ್ಗದರ್ಶಕರ ಸಲಹೆಯ ಮೇರೆಗೆ ನಿರ್ಣಯವಿಮುಖರನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಲಾಗಿದೆ.

3.1 ಫಲಕವಿಸ್ಮಿತ. ಸಾಲಿನಲ್ಲಿದ್ದಷ್ಟೂ ಹೊತ್ತು ರೀಲ್ಸ್ ನೋಡಿ, ಕ್ಯಾಷಿಯರ್ ಎದುರಾದಾಗ ಮೊದಲ ಬಾರಿಗೆ ತಲೆಯೆತ್ತುವವನು. ಗೋಡೆಯುದ್ದಕ್ಕೂ ದೀಪ ಹಾಕಿ ಬರೆದಿರುವ ಬೋರ್ಡು ಆಗ ಅವನಿಗೆ ದರ್ಶನ ಕೊಡುತ್ತದೆ. ಇಡ್ಲಿಯಿಂದ ಹಿಡಿದು ಗೋಬಿ ಮಂಚೂರಿಯವರೆಗೆ ಸಾವಧಾನವಾಗಿ ಪಾರಾಯಣ ಮಾಡುತ್ತಾನೆ, ಬೆಳಿಗ್ಗೆ ಎಂಟಕ್ಕೆ ಗೋಬಿ ಸಿಗದೆಂದು ಗೊತ್ತಿದ್ದೂ. ಕೊನೆಗೆ ಇಡ್ಲಿ-ವಡೆ ಹೇಳುತ್ತಾನೆ. ಯಾವಾಗಲೂ ಇಡ್ಲಿ-ವಡೆಯೇ.

3.2 ದೂತ. ಸ್ವಂತ ಅಭಿಮತವಿಲ್ಲದ, ಪರರ ಹಸಿವಿನ ವಕ್ತಾರ. ಕೌಂಟರಿನಲ್ಲೇ ನಿಂತು, ದೂರದ ಟೇಬಲ್ಲಿಗೆ ಕೂಗುತ್ತಾನೆ.

"ಲೋ, ನಿಂಗೇನೋ?"

"ನೀನೇನ್ ತಗೋತಿದೀಯಾ?"

"ನೀನ್ ಹೇಳೋ ಮೊದ್ಲು."

"ಏನಾದ್ರೂ ಹೇಳೋ ಮಾರಾಯ."

'ಏನಾದರೂ' ಎಂಬ ತಿಂಡಿ ಬಿಲ್ಲಿಂಗ್ ಮೆಷೀನಿನಲ್ಲಿ ಇಲ್ಲ.

3.3 ಪುನರ್ವಿಮರ್ಶಕ. ಬಿಲ್ ಹೊರಬಂದ ಮೇಲೆಯೇ ಇವನ ಚಿಂತನೆ ಮೊಳೆಯುವುದು. "ವಡೆ ತೆಗೆದ್‌ಬಿಡಿ. ಅದರ ಬದ್ಲು ಆ ಎರಡೂ ಬರುತ್ತಲ್ಲ, ಅದು ಕೊಡಿ." ಚೌಚೌ ಬಾತಾ ಸಾರ್? "ಅದರಲ್ಲಿ ಏನಿರುತ್ತೆ?" ಖಾರಾಬಾತ್, ಕೇಸರಿಬಾತ್. "ಕೇಸರಿಬಾತ್ ಬೇಡ." ಹಾಗಾದ್ರೆ ಖಾರಾಬಾತ್ ಒಂದೇ ಹಾಕ್ಲಾ? "ಹಾಂ… ವಡೆ ಬಿಸಿ ಇದ್ಯಾ?"

3.4 ಪಾವತಿಪರವಶ. 2016ರಲ್ಲಿ ಯುಪಿಐ ಬಂದಾಗ ಚಿಲ್ಲರೆ ಜಗಳದ ಯುಗ ಮುಗಿಯಿತೆಂದು ನಂಬಿದವರಲ್ಲಿ ಪ್ರಸ್ತುತ ಸಂಶೋಧಕನೂ ಒಬ್ಬ. ತಿಂದದ್ದಕ್ಕೆ ದುಡ್ಡು ಕೊಡಬೇಕಾಗುತ್ತದೆ ಎಂಬುದೇ ಈ ವರ್ಗದವರಿಗೆ ಕೌಂಟರಿನಲ್ಲಿ ತಿಳಿಯುವ ಸುದ್ದಿ. ಆಮೇಲೆ ಜೇಬು ತಡಕಾಟ, ಬ್ಯಾಗಿನ ಮೂರು ಜಿಪ್, ಒದ್ದೆ ಬೆರಳಿಗೆ ಒಲಿಯದ ಲಾಕು, ಆನ್ ಮಾಡಿರದ ನೆಟ್ಟು, ಬ್ಯಾಲೆನ್ಸ್ ಇಲ್ಲದ ಬ್ಯಾಂಕಿನ ಆಯ್ಕೆ, ಪಿನ್ ಒತ್ತುವಾಗ ಹಿಂದಿನವನತ್ತ ಕಳ್ಳನೆಂಬಂತೆ ಒಂದು ನೋಟ.

3.5 — ಬೇಡ ಬಿಡಿ. ಐದರಿಂದ ಒಂಬತ್ತರವರೆಗಿನವರೂ ಇವರೇ. ಹೆಸರಿಗೆ ಸಂಸ್ಕೃತ ಹುಡುಕುವ ತಾಳ್ಮೆ ನನಗಿಲ್ಲ.

4. ತಾತ್ವಿಕ ಚೌಕಟ್ಟು

ದೇಸಿ ನೆಲೆಯಲ್ಲಿ ನೋಡುವುದಾದರೆ, ನಿರ್ಣಯವಿಮುಖತೆಗೆ ಜೈನರ ಸಪ್ತಭಂಗಿ ನಯದಷ್ಟು ಒಪ್ಪುವ ಚೌಕಟ್ಟು ಇನ್ನೊಂದಿಲ್ಲ. ಸ್ಯಾದಸ್ತಿ: ಒಂದು ದೃಷ್ಟಿಯಿಂದ ಮಸಾಲೆದೋಸೆ ಬೇಕು. ಸ್ಯಾನ್ನಾಸ್ತಿ: ಇನ್ನೊಂದು ದೃಷ್ಟಿಯಿಂದ, ಡಾಕ್ಟರ ದೃಷ್ಟಿಯಿಂದ, ಬೇಡ. ಸ್ಯಾದಸ್ತಿ ನಾಸ್ತಿ: ಬೇಕು, ಆದರೆ ಎಣ್ಣೆ ಕಮ್ಮಿ. ಸ್ಯಾದವಕ್ತವ್ಯ: ಹೇಳಲಾಗದು, ಆದ್ದರಿಂದ "ಮ್‌ಮ್‌ಮ್…". ಮಿಕ್ಕ ಮೂರು ಭಂಗಗಳು ಇವುಗಳದೇ ಜೋಡಣೆ. ಅಷ್ಟರಲ್ಲಿ ಹಿಂದಿನವರು ಕೆಮ್ಮತೊಡಗಿರುತ್ತಾರೆ.

ಆದರೆ ಜೈನಾಚಾರ್ಯರ ಮೇಲೆ ಗೂಬೆ ಕೂರಿಸುವಂತಿಲ್ಲ. ಸತ್ಯಕ್ಕೆ ಹಲವು ಮುಖ ಎಂದು ಅವರು ಹೇಳಿದ್ದು ಇನ್ನೊಬ್ಬರ ನೋಟಕ್ಕೂ ಜಾಗ ಬಿಡಲಿ ಎಂದು. ನಮ್ಮವನು ಬಿಡದಿರುವುದು ಆ ಜಾಗವನ್ನೇ.

ಬೋರ್ಡಿನಲ್ಲಿ ಐಟಂ ಜಾಸ್ತಿ, ಅದಕ್ಕೇ ತಡ ಎಂಬ ವಾದವೊಂದಿದೆ. 1952ರಲ್ಲಿ ಇಂಗ್ಲೆಂಡಿನ ವಿಲಿಯಂ ಹಿಕ್ ದೀಪ ಹೊತ್ತಿದೊಡನೆ ಅದಕ್ಕೆ ಸರಿಯಾದ ಕೀಲಿ ಒತ್ತಿಸುವ ಪ್ರಯೋಗ ಮಾಡಿ ತೋರಿಸಿದ್ದೇನೆಂದರೆ, ಆಯ್ಕೆಗಳು ಹೆಚ್ಚಿದಷ್ಟು ವೇಗವಾಗಿ ನಿರ್ಧಾರದ ಸಮಯ ಹೆಚ್ಚುವುದಿಲ್ಲ. ಎಂಟು ಆಯ್ಕೆ ಅರವತ್ತನಾಲ್ಕಾದರೆ ತಡ ಎಂಟು ಪಟ್ಟಾಗದು, ಹತ್ತಿರಹತ್ತಿರ ಎರಡು ಪಟ್ಟಷ್ಟೇ. ದೋಸೆಗೂ ದೀಪಕ್ಕೂ ವ್ಯತ್ಯಾಸವಿದೆ ಎಂಬ ಆಕ್ಷೇಪಣೆಯನ್ನು ಮೌಖಿಕ ಪರೀಕ್ಷೆಯಲ್ಲಿ ಎದುರಿಸಲಾಗುವುದು.

5. ಕ್ಷೇತ್ರಕಾರ್ಯದಿಂದ ಒಂದು ಟಿಪ್ಪಣಿ

ಒಂದು ಬೆಳಿಗ್ಗೆ ಸಾಲಿನಲ್ಲಿ ನನ್ನ ಮುಂದೆ ಸೆಕ್ಯೂರಿಟಿ ಗಾರ್ಡ್ ಒಬ್ಬರಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರು. ಕಣ್ಣು ಕೆಂಪಾಗಿತ್ತು, ಟೋಪಿ ಕಂಕುಳಲ್ಲಿ. ಬಲಗೈ ಮುಷ್ಟಿಯಲ್ಲಿ ಕಾಫಿಗೆ ಬೇಕಾದಷ್ಟೇ ಚಿಲ್ಲರೆ, ನಾಣ್ಯಗಳು ಒಂದರ ಮೇಲೊಂದು ಜೋಡಿಸಿ. ಸಾಲಿಗೆ ನಿಲ್ಲುವ ಮುಂಚೆಯೇ ಎಣಿಸಿಟ್ಟುಕೊಂಡಿದ್ದರು. ಅವರ ಮುಂದೆ ಫಲಕವಿಸ್ಮಿತನೂ ದೂತನೂ ಒಂದೇ ದೇಹದಲ್ಲಿ ಅವತರಿಸಿದ್ದ ಒಬ್ಬ ಯುವಕ. ಪೂರಿಯೋ ಸೆಟ್ ದೋಸೆಯೋ ಎಂಬ ವಿಚಾರ ಸಂಕಿರಣ ನಡೆದಿತ್ತು. ಗಾರ್ಡ್ ಎರಡು ಸಲ ರಸ್ತೆಯತ್ತ ತಿರುಗಿ ನೋಡಿದರು. ಬಸ್ಸು ಬಂತು. ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡು ಓಡಿದರು.

ಯುವಕ ಪೂರಿ ಹೇಳಿದ. ಆಮೇಲೆ ಸೆಟ್ ದೋಸೆಗೆ ಬದಲಾಯಿಸಿದ.

ಇದಕ್ಕೆ ಯಾವ ಆಯಾಮವೂ ಇಲ್ಲ, ಯಾವ ಸಂಕಥನವೂ ಇಲ್ಲ. ಇದು ಕಳ್ಳತನ. ಹನ್ನೆರಡು ಗಂಟೆ ಯಾರದೋ ಗೇಟು ಕಾದ ಮನುಷ್ಯನ ಒಂದು ಲೋಟ ಕಾಫಿಯನ್ನು ನೀನು ಕದ್ದೆ ಕಣಯ್ಯ, ಕದ್ದಿದ್ದು ನಿನಗೆ ಗೊತ್ತೇ ಆಗಲಿಲ್ಲ. ಹತ್ತು ನಿಮಿಷ ಸಾಲಿನಲ್ಲಿ ನಿಂತಿದ್ದೆಯಲ್ಲ, ಆಗ ನಿನ್ನ ತಲೆ ಎಲ್ಲಿತ್ತು? ನಿನ್ನ ಬೆನ್ನ ಹಿಂದೆ ಜನ ಇದ್ದಾರೆ ಎಂಬ ಸಾಮಾನ್ಯ ಜ್ಞಾನ ಯಾವ ಶಾಲೆಯಲ್ಲಿ ಕಲಿಸಬೇಕಿತ್ತು? ನನ್ನ ಹೊತ್ತು ಹೋಗಲಿ, ನಾನು ಆಫೀಸಿಗೆ ತಡವಾಗಿ ಹೋದರೆ ಟ್ರಾಫಿಕ್ ಅಂದು ಬಿಡುತ್ತೇನೆ, ಯಾರೂ ಕೇಳುವುದಿಲ್ಲ. ಪಾಳಿ ಲೆಕ್ಕದಲ್ಲಿ ಕೂಲಿ ಎಣಿಸುವವರಿಗೆ, ಚಿಕ್ಕ ಬಿಡುವಷ್ಟೇ ಇರುವ ಗಾರ್ಮೆಂಟ್ಸ್ ಹೆಂಗಸಿಗೆ, ಗೇಟು ಹಾಕುವ ಮೊದಲು ಒಳಗಿರಬೇಕಾದವರಿಗೆ ಆ ಸವಲತ್ತು ಇಲ್ಲ. ನಿಧಾನ ಮಾಡುವುದಕ್ಕೂ ಈ ಊರಿನಲ್ಲಿ ಅಂತಸ್ತು ಬೇಕು.

6. ಅಧ್ಯಯನದ ಮಿತಿಗಳು

ಕ್ಷಮಿಸಿ, ಶಾಸ್ತ್ರದ ಧಾಟಿಗೆ ಮರಳೋಣ.

ಬ್ಯಾಂಕಿನಲ್ಲಿ ಪಿಂಚಣಿ ಚೀಟಿಗೆ ನಡುಗುವ ಕೈಯಲ್ಲಿ ಸಹಿ ಹಾಕುವ ಅಜ್ಜಿ, ಮೆಟ್ರೋ ಟೋಕನ್ ಮೆಷೀನಿನ ಮುಂದೆ ಮೊದಲ ಸಲ ನಿಂತ ಹಳ್ಳಿಯ ರೈತ, ಓದು ಬಾರದೆ ಪಕ್ಕದವರ ಕೈಗೆ ಫಾರಂ ಕೊಡುವವರು, ಇವರು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಇವರಿಗಾಗಿ ಸಾಲು ಎಷ್ಟು ಹೊತ್ತಾದರೂ ಕಾಯಬೇಕು. ಗಮನಿಸಿ ನೋಡಿ, ಹಿಂದಿನವರಿಗೆ ತೊಂದರೆಯಾಯಿತೆಂದು ಸಂಕೋಚದಿಂದ ಕುಗ್ಗುವವರು ಇವರೇ. "ತಡ ಆಯ್ತೇನಪ್ಪಾ" ಅನ್ನುತ್ತಾರೆ. ಪುನರ್ವಿಮರ್ಶಕ ಹಾಗೆಂದದ್ದನ್ನು ನಾನಂತೂ ಕೇಳಿಲ್ಲ.

ಪಾಂಡಿತ್ಯಕ್ಕೂ ಈ ರೋಗಕ್ಕೂ ಇರುವ ನಂಟು ಪ್ರತ್ಯೇಕ ಸಂಶೋಧನೆಗೆ ಅರ್ಹ. ಒಂದು ವಿಚಾರ ಸಂಕಿರಣದಲ್ಲಿ, ಅಂಚಿಗೆ ತಳ್ಳಲ್ಪಟ್ಟವರ ದನಿಯ ಬಗ್ಗೆ ನಿಗದಿತ ಅವಧಿಯನ್ನೂ ಮೀರಿ ಗದ್ಗದಿತರಾಗಿ ಮಾತಾಡಿದ ಹಿರಿಯರೊಬ್ಬರು ಊಟದ ಸಾಲಿನಲ್ಲಿ ಹೋಳಿಗೆಗೆ ತುಪ್ಪವೋ ಹಾಲೋ ಎಂದು ನಿಂತುಬಿಟ್ಟರು. ಬಡಿಸುವ ಹುಡುಗ ಎರಡು ಕೈಯಲ್ಲಿ ಎರಡು ಪಾತ್ರೆ ಹಿಡಿದು ನಿಂತಿದ್ದ, ಪಾತ್ರೆ ಭಾರವಿತ್ತು. ಹಿರಿಯರು ಪಕ್ಕದವರಿಗೆ ಯಜಮಾನಿಕೆಯ ಸ್ವರೂಪದ ಬಗ್ಗೆ ವಿವರಿಸುತ್ತಿದ್ದರು.

7. ಶಿಫಾರಸುಗಳು

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಪ್ರಕಾರ ಸರ್ಕಾರಿ ಅಧಿಕಾರಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಅರ್ಜಿದಾರನಿಗೆ ಪರಿಹಾರ ಕೊಡಬೇಕು. ಕೌಂಟರಿನ ಆಚೆಯವರಿಗೆ ಗಡುವಿದೆ, ಈಚೆಯವರಿಗೆ ಇಲ್ಲ. ಅಧಿನಿಯಮಕ್ಕೆ ತಿದ್ದುಪಡಿ ತಂದು ಈಚೆಯವರಿಗೂ ಅರ್ಧ ನಿಮಿಷಕ್ಕೆ 20 ರೂಪಾಯಿ ವಿಧಿಸಿ, ಹಿಂದಿನವರಿಗೆ ಹಂಚಬೇಕು. ನಮ್ಮ ಏರಿಯಾದಲ್ಲಿ ಹೀಗಾದರೆ ಜನ ಕೆಲಸ ಬಿಟ್ಟು ಬಂದು ಸಾಲಿನಲ್ಲಿ ನಿಲ್ಲುವ ಅಪಾಯವಿದೆ.

ಇದಾಗದಿದ್ದರೆ, ಬೆಳಗಿನ ಹೊತ್ತು ಎರಡನೆಯ ಕೌಂಟರ್ ತೆರೆಯಲಿ. ಒಬ್ಬ ಕ್ಯಾಷಿಯರ್ ಸಂಬಳ ಉಳಿಸಲು ಮಾಲೀಕರು ಖರ್ಚು ಮಾಡುತ್ತಿರುವುದು ನಮ್ಮ ಹೊತ್ತನ್ನು. ಅಷ್ಟು ಕೋಪ ಅವರ ಪಾಲಿಗೂ ಸಲ್ಲಬೇಕು. ಕಾಫಿ, ಟೀ ಮಾತ್ರ ಬೇಕಾದವರಿಗೆ ಬೇರೆ ಕಿಟಕಿ ಇದ್ದರೆ ಆ ಗಾರ್ಡ್ ಬಸ್ಸಿಗೆ ಮುಂಚೆ ಕಾಫಿ ಕುಡಿದಿರುತ್ತಿದ್ದರು. ಈ ಸಲಹೆಯನ್ನು ಕ್ಯಾಷಿಯರ್ ಮುಂದಿಟ್ಟೆ, ಹಿಂದೆ ಯಾರೂ ಇಲ್ಲದ ಹೊತ್ತು ನೋಡಿ.

"ಇಟ್ಟಿದ್ವಿ ಸಾರ್ ಆರು ತಿಂಗಳು," ಅಂದ. "ಕಾಫಿ ಟೀ ಮಾತ್ರ ಅಂತ ದೊಡ್ಡದಾಗಿ ಬರೆಸಿ ಹಾಕಿದ್ವಿ. ಅಲ್ಲೂ ಬಂದು ನಿಂತ್ಕೊಂಡು, ಏನೇನಿದೆ ಅಂತ ಕೇಳೋರು."