ಕಾಶಿಗೆ ಹೋದವರ ಕಡತ: ಹುಚ್ಚಾಸ್ಪತ್ರೆಯ ಹಳೆಯ ಗುಮಾಸ್ತರಿಗೊಂದು ಬಹಿರಂಗ ಪತ್ರ

ಮಹಾರಾಜಶ್ರೀ ಗುಮಾಸ್ತರ ಸನ್ನಿಧಾನಕ್ಕೆ,

ಗುಬ್ಬಿ ತಾಲ್ಲೂಕು ಕಡಬದಿಂದ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅತ್ತಲಿನ ಕ್ಷೇಮಕ್ಕೆ ಕಾಗದ ಬರೆಯಿರಿ ಎನ್ನುವ ಹಾಗಿಲ್ಲ, ತಾವು ತೀರಿಕೊಂಡು ಎಷ್ಟೋ ಕಾಲವಾಯಿತು. ಬದುಕಿರುವ ಗುಮಾಸ್ತರಿಗೆಲ್ಲ ಅರ್ಜಿ ಬರೆದು ಸಾಕಾದ ಮೇಲೆ ತಮ್ಮ ಸರದಿ ಬಂದಿದೆ, ಅಷ್ಟೆ.

ಸಂಗತಿ ನಮ್ಮ ತಾತನ ಅಣ್ಣನದು. ಅವರ ಸುದ್ದಿ ಎತ್ತಿದರೆ ಅಜ್ಜಿ ಮೊರದ ಮೇಲಿನ ಕಣ್ಣು ತೆಗೆಯದೆ, "ದೊಡ್ಡೋರು ಕಾಶಿಗೋದ್ರು ಕಣಪ್ಪ" ಎಂದು ಮಾತು ಮುಗಿಸುತ್ತಿದ್ದರು. ಮನೆತನಕ್ಕೊಬ್ಬ ಕಾಶಿಯಾತ್ರಿ ಇದ್ದರೆ ಭೂಷಣವೇ. ಆದರೆ ಪಿತೃಪಕ್ಷದಲ್ಲಿ ಸತ್ತವರಿಗೆಲ್ಲ ಪಂಚೆ, ಸೀರೆ ಇಟ್ಟು ಎಡೆ ಹಾಕುತ್ತಿದ್ದ ಮನೆಯಲ್ಲಿ ಇವರೊಬ್ಬರಿಗೆ ಎಲೆ ಇರುತ್ತಿರಲಿಲ್ಲ. ಒಂದು ಸಲ ಬೀಗರೂಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಸೋದರಮಾವ ಬಾಯಿಬಿಟ್ಟ: "ನಿಮ್ಮೋರ ಕಾಶಿ ಇರೋದು ಬೆಂಗಳೂರ್ನಾಗೆ ಕಣೋ, ಹುಚ್ಚಾಸ್ಪತ್ರೇಲಿ."

ಹೀಗೆ ತಮ್ಮ ವಿಳಾಸ ಸಿಕ್ಕಿತು. ಆಸ್ಪತ್ರೆಯ ಚರಿತ್ರೆಯನ್ನೂ ಓದಿಕೊಂಡೆ. 1840ರ ದಶಕದಲ್ಲಿ, ಕಬ್ಬನ್ ಸಾಹೇಬರ ಆಡಳಿತ ಇದ್ದಾಗ, ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಜನ್ ಶುರು ಮಾಡಿದ್ದು. 1925ರಲ್ಲಿ ಬೋರ್ಡು ಬದಲಾಗಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂದಾಯಿತು. ಡಾ. ಫ್ರಾಂಕ್ ನೊರೋನ್ಹಾ ಸೂಪರಿಂಟೆಂಡೆಂಟರಾಗಿದ್ದ ಕಾಲ ಅದು. 1930ರ ದಶಕದಲ್ಲಿ ಹೊಸೂರು ರಸ್ತೆಗೆ ಹೊಸ ಕಟ್ಟಡ ಬಂತು. 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್. ಬೋರ್ಡು ಬದಲಾದ ಹಾಗೆ ನಮ್ಮ ಕಡೆಯ ಬೈಗುಳವೂ ಸುಧಾರಿಸಿದೆ. ಈಗ ಯಾರೂ ಹುಚ್ಚ ಎನ್ನುವುದಿಲ್ಲ, "ಇವ್ನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಎನ್ನುತ್ತಾರೆ.

ನಾನು ಅರ್ಜಿ ಹಾಕಿದ ಕಚೇರಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಫ್ಯಾನಿಗೂ ಮಾನ ಇದೆ. ಮೊದಲನೇ ಅರ್ಜಿ ಘಟ್ಟ ಇಳಿದು ದಕ್ಷಿಣ ಕನ್ನಡದ ಕಡಬಕ್ಕೆ ಹೋಯಿತು. ಅದು ಈಚೆಗೆ ತಾಲ್ಲೂಕಾಗಿದೆ, ಕಂಪ್ಯೂಟರಿಗೆ ಅದೇ ಗೊತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಗುಬ್ಬಿ ಸೀಮೆಗೇ ಕಡಬ ತಾಲ್ಲೂಕು ಎಂಬ ಹೆಸರಿತ್ತು ಎಂದು ಹೇಳಿ ನೋಡಿದೆ. "ಅದು ಸಾಫ್ಟ್‌ವೇರಲ್ಲಿಲ್ಲ" ಎಂದರು. ಎರಡನೇ ಅರ್ಜಿಗೆ ಕಾನೂನು ಅಡ್ಡ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ದಾಖಲೆ ಕೇಳುವ ಹಕ್ಕು ಇರುವುದು ರೋಗಿಗೆ, ಮಿಕ್ಕವರಿಗೆ ಅದು ಗೋಪ್ಯ. ಕಾಯ್ದೆಯಲ್ಲಿ ತಪ್ಪಿಲ್ಲ, ಗೋಪ್ಯ ಇರದಿದ್ದರೆ ಊರಲ್ಲಿ ಎಷ್ಟು ಮದುವೆ ಮುರಿಯುತ್ತಿದ್ದವೋ. ಆದರೆ ರೋಗಿಯೇ ಖುದ್ದಾಗಿ ಬರಬೇಕು, ಬರಲಾಗದಿದ್ದರೆ ಅವರ ಮರಣಪತ್ರ ತರಬೇಕು ಎಂದರು. ಯಾವಾಗ ಸತ್ತರು, ಎಲ್ಲಿ ಸತ್ತರು ಎಂಬುದು ಅದೇ ಕಡತದಲ್ಲಿರಬೇಕಲ್ಲ ಸ್ವಾಮಿ ಎಂದೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಎಂಬ ಗಾದೆ ಯಾವ ಕಚೇರಿಯಲ್ಲಿ ಹುಟ್ಟಿತೆಂದು ಅವತ್ತು ತಿಳಿಯಿತು.

ಇನ್ನು ತಮ್ಮ ಮೇಲಿನ ದೂರು. ತಮ್ಮ ರಿಜಿಸ್ಟರಿನ 'ಕಾರಣ' ಎಂಬ ಕಲಮಿನದು. ಆ ಕಾಲದ ವರದಿಗಳನ್ನು ಓದಿದರೆ ಮನುಷ್ಯನ ಬುದ್ಧಿ ಕೆಡುವುದಕ್ಕೆ ನಾಲ್ಕೈದೇ ದಾರಿ ಇದ್ದಂತೆ ಕಾಣುತ್ತದೆ: ಗಾಂಜಾ, ಹೆಂಡ, ಜ್ವರ, ದುಃಖ, ವಂಶ. 1893–94ರಲ್ಲಿ ಸರ್ಕಾರ ನೇಮಿಸಿದ ಗಾಂಜಾ ಆಯೋಗ ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳ ಒಂದು ವರ್ಷದ ದಾಖಲೆಗಳನ್ನು ತರಿಸಿ ಕೂತಿತು. ಗಾಂಜಾದಿಂದ ಕೆಟ್ಟವರೆಂದು ಬರೆದಿದ್ದವರ ಊರಿಗೆ ವಿಚಾರಿಸಿದಾಗ ಅರ್ಧದಷ್ಟೂ ನಿಲ್ಲಲಿಲ್ಲ. ಕಲಂ ಖಾಲಿ ಬಿಡುವಂತಿರಲಿಲ್ಲ. ಹಿಡಿದು ತಂದ ಪೊಲೀಸಿನವನು ಏನೋ ಒಂದು ಹೇಳುತ್ತಿದ್ದ, ತಮ್ಮಂಥವರು ಬರೆದುಕೊಳ್ಳುತ್ತಿದ್ದರು. ನಮ್ಮ ದೊಡ್ಡೋರ ಹೆಸರಿನ ಮುಂದೆ ತಾವು ಏನು ಬರೆದಿರಿ? ಕೈಗೆ ಬಂದ ಫಸಲು ಹೋದದ್ದೋ, ತಮ್ಮನ ಜೊತೆ ಪಾಲಿನ ಜಗಳವೋ ಆ ಕಲಮಿನಲ್ಲಿ ಹಿಡಿಸುತ್ತಿತ್ತೇ? ಸಂಸ್ಥಾನದ ಆಡಳಿತ ವರದಿಯಲ್ಲಂತೂ ಇಷ್ಟು ಜನ ಸೇರಿದರು, ಇಷ್ಟು ಜನ ಗುಣವಾದರು, ಇಷ್ಟು ಜನ ತೀರಿಕೊಂಡರು ಎಂಬ ಅಂಕಿಗಳಿವೆ. ಅದರಲ್ಲೊಂದು ಅಂಕಿ ನಮ್ಮ ಮನೆಯದು.

ನಮ್ಮೂರಿಗೆ ಈ ಬಗೆಯ ದಾಖಲೆ ಹೊಸದಲ್ಲ. ಕಡಬದಲ್ಲಿ ಸಿಕ್ಕ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಶಾಸನ ಶಕವರ್ಷ 735ರದು. ಕುನುಂಗಿಲ್ ದೇಶ, ಅಂದರೆ ಈಗಿನ ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಯನ್ನು ಅರ್ಕಕೀರ್ತಿ ಎಂಬ ಜೈನಮುನಿ ಬಿಡಿಸಿದ್ದಕ್ಕೆ ಜಾಲಮಂಗಲ ಗ್ರಾಮ ಬಿಟ್ಟುಕೊಟ್ಟ ಪತ್ರ ಅದು. ರೋಗಿ ಯಾರು, ಏನು ಕಾಟ, ಬಿಡಿಸಿದವರು ಯಾರು, ಫೀಜು ಎಷ್ಟು, ಎಲ್ಲ ಇದೆ. ಶಾಸನವೇ ಖೋಟಾ ಎನ್ನುವ ವಿದ್ವಾಂಸರೂ ಇದ್ದಾರೆ. ಇರಲಿ ಬಿಡಿ, ಖೋಟಾ ದಾಖಲೆಯಾದರೂ ಇದೆಯಲ್ಲ! ನಮ್ಮ ದೊಡ್ಡೋರಿಗೆ ಹಿಡಿದದ್ದು ಯಾವ ಶನಿ ಎಂದು ನೂರು ವರ್ಷದ ಹಿಂದಿನ ಕಾಗದವೂ ಹೇಳುತ್ತಿಲ್ಲ.

ಕೊನೆಗೆ ಕಾಗದ ಸಿಕ್ಕಿದ್ದು ನಮ್ಮ ಅಟ್ಟದಲ್ಲೇ. ತುಕ್ಕು ಹಿಡಿದ ಟ್ರಂಕಿನಲ್ಲಿ ತಾತನ ಕೈಬರಹದ ಲೆಕ್ಕದ ಪುಸ್ತಕ. ಕೊಬ್ಬರಿ ಮಾರಿದ್ದು, ಎತ್ತಿಗೆ ಲಾಳ ಹೊಡೆಸಿದ್ದು, ಕಂದಾಯ ಕಟ್ಟಿದ್ದು. ಅದರ ನಡುವೆ ಗುಬ್ಬಿಯಿಂದ ಬೆಂಗಳೂರಿಗೆ ರೈಲು ಚಾರ್ಜು: ಹೋಗುವಾಗ ಮೂರು ಆಳಿನದು, ಬರುವಾಗ ಎರಡು ಆಳಿನದು. ಮುಂದಿನ ಸಾಲಿನಲ್ಲಿ ದಾರಿಗೆ ಕಡ್ಲೆಪುರಿ, ಅರ್ಧಾಣೆ.

ತಾತ ಲೆಕ್ಕದ ಮನುಷ್ಯ, ಒಂದು ಕಾಸೂ ಬಿಡುತ್ತಿರಲಿಲ್ಲ. ಆಮೇಲಿನ ಪುಟಗಳನ್ನೆಲ್ಲ ಒಂದೊಂದಾಗಿ ತಿರುವಿದೆ. ಎಡೆಯೂರಿನ ಜಾತ್ರೆಯ ಖರ್ಚಿದೆ, ಗುಬ್ಬಿ ಕಂಪನಿಯ ನಾಟಕದ ಟಿಕೇಟಿದೆ. ಬೆಂಗಳೂರಿನ ರೈಲು ಚಾರ್ಜು ಮತ್ತೆಲ್ಲೂ ಇಲ್ಲ.

ಆದ್ದರಿಂದ, ಗುಮಾಸ್ತರೇ, ತಮ್ಮ ಮೇಲಿನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ತಾವು ಒಂದು ಪದವನ್ನಾದರೂ ಬರೆದಿರಿ. ಅವರು ಏನು ಉಂಡರು, ಯಾವಾಗ ಮಲಗಿದರು ಎಂದು ನೋಡಿಕೊಂಡವರು ತಮ್ಮ ಕಡೆಯವರು. ನಾವು ಕಾಶಿ ಎಂದೆವು.

ಮಹಾಲಯ ಅಮಾವಾಸ್ಯೆಗೆ ಸತ್ತ ತಿಥಿ ಗೊತ್ತಿರಬೇಕೆಂದಿಲ್ಲ, ಮರಣಪತ್ರವನ್ನೂ ಯಾರೂ ಕೇಳುವುದಿಲ್ಲ. ಈ ಸಲ ಅವರಿಗೂ ಒಂದು ಎಲೆ ಹಾಕಿ ಪಂಚೆ ಇಡುತ್ತಿದ್ದೇವೆ. ತಮಗೆ ಅಲ್ಲಿ ಕಂಡರೆ ದಯವಿಟ್ಟು ತಿಳಿಸುವುದು.

ಇಂತಿ ತಮ್ಮ ವಿಧೇಯ,
ಕಡಬದ ದೊಡ್ಡೋರ ಮೊಮ್ಮಗ