ಮಗ್ಗುಲು ಪಂಡಿತರು

ಮೈಸೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಲ್ಯಾಬ್ರಡಾರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅದರ ನಿದ್ದೆಗೆ ಭಾಷ್ಯ ಹೇಳುತ್ತಿರುತ್ತಾರೆ. ಮಗ ಅಮೆರಿಕಕ್ಕೆ ಹೊರಟಾಗ ಬಿಟ್ಟುಹೋದ ನಾಯಿ. ಅದಕ್ಕೆ ಮುಂಚೆ ಇದೇ ರಾಯರು ಗೇಟಿನ ಹತ್ತಿರ ಬಾಲ ಕಂಡರೆ ಸಾಕು, 'ಹಚಾ' ಅನ್ನುತ್ತ ಕೋಲು ಹುಡುಕುತ್ತಿದ್ದವರು. ಈಗ ಅವರೆದುರು 'ನಾಯಿ ಮಲಗಿದೆ' ಅಂದರೆ ಮುಖ ಸಿಂಡರಿಸುತ್ತಾರೆ. 'ಬ್ರೂನೋ ಮಲಗಿದಾನೆ' ಅನ್ನಬೇಕು. ಅದೂ ಮೆಲ್ಲಗೆ.

ಕಾಫಿಗೆ ಕರೆಯುತ್ತಾರೆ, ಹೋದರೆ ಪಾಠ ಶುರು. "ನೋಡಿ ಸಾರ್, ಅಂಗಾತ ಮಲಗಿದಾನೆ, ನಾಲ್ಕು ಕಾಲೂ ಮೇಲೆ. ಪ್ರಾಣಿ ಹೊಟ್ಟೆ ತೋರಿಸಿ ಮಲಗೋದು ಅಂದ್ರೆ ಏನರ್ಥ? ನಾನಿರೋವರೆಗೂ ತನಗೇನೂ ಆಗಲ್ಲ ಅಂತ!"

ಮಾತು ಪೂರ್ತಿ ಸುಳ್ಳಲ್ಲ. ಭಯವಿರುವ ನಾಯಿ ಹಾಗೆ ಹೊಟ್ಟೆ ಬಿಚ್ಚಿ ಮಲಗುವುದಿಲ್ಲ. ಆದರೆ ಅದು ಮೇ ತಿಂಗಳು, ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ನಾಯಿಯ ಹೊಟ್ಟೆಯ ಮೇಲೆ ಕೂದಲು ತೆಳು, ಬೆವರುವುದು ಮುಖ್ಯವಾಗಿ ಪಾದಗಳಲ್ಲಿ. ಹೊಟ್ಟೆಗೂ ಪಾದಕ್ಕೂ ಗಾಳಿ ತಾಗಿಸಬೇಕಾದರೆ ಅಂಗಾತ ಬೀಳುವುದಕ್ಕಿಂತ ಸುಲಭದ ಉಪಾಯವಿಲ್ಲ. ಇದನ್ನು ನಾನು ಹೇಳಲು ಹೋಗಲಿಲ್ಲ. ಒಳಗಿನಿಂದ ಅವರ ಮನೆಯವರೇ ಹೇಳಿದರು: "ಫ್ಯಾನ್ ಬರ್ಲಿ, ಮಗ್ಗುಲಿಗೆ ತಿರುಗ್ತಾನೆ."

ಬಂತು, ತಿರುಗಿದ. ರಾಯರಿಗೆ ಅದರಲ್ಲೂ ಲಾಭವೇ. ಮುಖ ಅವರ ಕಡೆಗಿದ್ದರೆ ಪ್ರೀತಿ, ಬೆನ್ನು ತಾಗಿಸಿ ಮಲಗಿದರೆ ನಂಬಿಕೆ. ಜನ್ಮವಿಡೀ ಲೆಡ್ಜರ್ ನೋಡಿದ ಮನುಷ್ಯನಿಗೆ ಕೊನೆಗಾಲದಲ್ಲಿ ಎರಡೂ ಕಡೆ ಜಮಾ ಇರುವ ಖಾತೆಯೊಂದು ಸಿಕ್ಕಿತ್ತು.

ಖರ್ಚು ಬಿದ್ದದ್ದು ಡಿಸೆಂಬರಿನಲ್ಲಿ. ಒಂದು ಬೆಳಿಗ್ಗೆ ಬ್ರೂನೋ ಚಕ್ಕುಲಿಯ ಹಾಗೆ ಸುತ್ತಿಕೊಂಡು, ಮೂಗನ್ನು ಬಾಲದಡಿ ತೂರಿಸಿ ಮಲಗಿದ. ರಾಯರ ಮುಖ ಬಾಡಿತು. "ಮುನಿಸಿಕೊಂಡಿದಾನೆ ಸಾರ್, ನಿನ್ನೆ ಚಪ್ಪಲಿ ಕಚ್ಚಿದ್ದಕ್ಕೆ ಗದರಿದ್ದೆ." ಸಿಯಾಟಲ್‌ಗೆ ವಿಡಿಯೋ ಕಾಲ್ ಹೋಯಿತು. ಅಲ್ಲಿನ ರಾತ್ರಿ ಊಟದ ಮಧ್ಯೆ ಮಗನಿಗೆ ನಾಯಿಯ ಬೆನ್ನು ದರ್ಶನವಾಯಿತು. ಪಶುವೈದ್ಯರಿಗೂ ಫೋನ್. ಅಷ್ಟರಲ್ಲಿ ಮನೆಯವರು ಹಳೆಯ ಕಂಬಳಿಯೊಂದನ್ನು ಅದರ ಮೇಲೆ ಎಸೆದು ಒಳಗೆ ಹೋದರು. ನಾಯಿಯ ಮೈಬಿಸಿ ಹೆಚ್ಚುಕಡಿಮೆ 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದನ್ನು ಕಾಪಾಡಿಕೊಳ್ಳಲು ಮೈ ಮುದುಡುತ್ತದೆ, ಅಷ್ಟೆ. ಅರ್ಧ ಗಂಟೆಗೆ ಬ್ರೂನೋ ಕಾಲು ಚಾಚಿದ. ರಾಯರು ಕ್ಷಮೆ ಸಿಕ್ಕಿತೆಂದು ತಿಳಿದುಕೊಂಡರು.

ಅವರಿಗೆ ಅತ್ಯಂತ ಪ್ರಿಯವಾದದ್ದು ನಾಯಿಯ ಕನಸು, ಮತ್ತು ನಿಜವಾಗಿ ನೋಡುವಂಥದ್ದೂ ಅದೇ. ಮಗ್ಗುಲಾಗಿ ಮೈಚೆಲ್ಲಿದ ಬ್ರೂನೋನ ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಅತ್ತಿತ್ತ ಹರಿದಾಡುತ್ತದೆ, ಮೀಸೆ ಕಂಪಿಸುತ್ತದೆ, ಮುಂಗಾಲು ಗಾಳಿಯಲ್ಲೇ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ. ಬಾಯಿ ತೆರೆಯದೆಯೇ 'ಬುಫ್' ಎಂದು ಅರ್ಧ ಬೊಗಳು. 2001ರಲ್ಲಿ ಎಂಐಟಿಯ ಮ್ಯಾಥ್ಯೂ ವಿಲ್ಸನ್, ಕೆನ್ವೇ ಲೂಯಿ ಇಬ್ಬರೂ ಇಲಿಗಳ ಮೆದುಳಿನಲ್ಲಿ, ಎಚ್ಚರವಿದ್ದಾಗ ಅವು ಓಡಿದ ದಾರಿ ನಿದ್ದೆಯಲ್ಲಿ ಮರುಕಳಿಸುವುದನ್ನು ಕಂಡರು. ಮಗ ಕಳಿಸಿದ ಈ ಸುದ್ದಿ ರಾಯರ ಬಾಯಿಪಾಠ. ಇಲಿಗೆ ದಾರಿ ಕಂಡರೆ ಬ್ರೂನೋಗೆ ಏನು ಕಾಣಬೇಕು? "ನಾನೇ ಸಾರ್! ಸಂಜೆ ವಾಕಿಂಗ್ ಕರಕೊಂಡು ಹೋಗೋದು ನಾನೇ ತಾನೆ?" ಎದುರುಮನೆಯ ಬೆಕ್ಕಿಗೂ ಒಂದು ಅವಕಾಶವಿದೆ ಅಂತ ನನ್ನ ಅನಿಸಿಕೆ. ಅವರ ಕಾಫಿ ಕುಡಿಯುತ್ತ ಅದನ್ನು ಹೇಳುವುದು ಹೇಗೆ?

ಮೊನ್ನೆ ಮಾತ್ರ ತಡೆಯಲಾಗಲಿಲ್ಲ. ನಮ್ಮ ರಸ್ತೆಯ ಕರಿಯ, ಯಾರ ಮನೆಯದೂ ಅಲ್ಲದ ನಾಯಿ, ತಿರುವಿನ ನಟ್ಟನಡುವೆ ಬಿಸಿಲಿಗೆ ಕಾಲು ಚಾಚಿ ಬಿದ್ದಿತ್ತು. "ಇವನು ಯಾರನ್ನ ನಂಬಿ ಹೀಗೆ ಮಲಗಿದಾನೆ ರಾಯರೇ?" ಎಂದೆ. ಅವರು ಗಂಭೀರವಾಗಿ ಯೋಚಿಸಿ, "ಆಟೋದವರನ್ನ" ಎಂದರು.

ಅಷ್ಟರಲ್ಲೇ ಒಂದು ಆಟೋ ಬಂತು. ಕರಿಯನನ್ನು ಬಳಸಿಕೊಂಡು, ನಾವು ನಿಂತಿದ್ದ ಫುಟ್‌ಪಾತ್ ಹತ್ತಿ, ಇಳಿದು ಹೋಯಿತು. ಕರಿಯ ಒಂದು ಕಿವಿ ಆಡಿಸಿದ. ಚರಂಡಿ ಹಾರಿದ್ದು ನಾವಿಬ್ಬರು.